ಡೇಟಾಬೇಸ್ ಅಪ್‌ಗ್ರೇಡ್ ಆಯ್ತು, ಅಪ್ಲಿಕೇಶನ್ ಕನೆಕ್ಟ್ ಆಗ್ತಿಲ್ಲ: ಮೊದಲು ಡ್ರೈವರ್ ನೋಡಿ

ಡೇಟಾಬೇಸ್ ಹೊಸ ವರ್ಷನ್‌ಗೆ ಹೋಗಿದೆ. ಸರ್ವರ್ ಎದ್ದಿದೆ, ಟೇಬಲ್‌ಗಳೆಲ್ಲ ಇವೆ, ಅದೇ ಮಷೀನ್‌ನಲ್ಲಿ ಕಮಾಂಡ್ ಲೈನ್‌ನಿಂದ ಲಾಗಿನ್ ಮಾಡಿದರೆ ಸಲೀಸಾಗಿ ಆಗುತ್ತದೆ. ಅಪ್ಲಿಕೇಶನ್ ಮಾತ್ರ ಎರರ್ ಮೇಲೆ ಎರರ್ ಕೊಡುತ್ತಿದೆ. ಇಂಥ ಹೊತ್ತಲ್ಲಿ ಎಲ್ಲರ ಅನುಮಾನ ಮೊದಲು ಪಾಸ್‌ವರ್ಡ್ ಮೇಲೆ, ಆಮೇಲೆ ಫೈರ್‌ವಾಲ್ ಮೇಲೆ, ಅದೂ ಅಲ್ಲ ಅಂದಮೇಲೆ 'ಅಪ್‌ಗ್ರೇಡೇ ಸರಿ ಇಲ್ಲ, ವಾಪಸ್ ಹೋಗೋಣ' ಅನ್ನುವ ಮಾತು. ನಡುವೆ ಇರುವ ಡ್ರೈವರ್ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ.

ಡ್ರೈವರ್ ಅಂದರೆ ನಿಮ್ಮ ಕೋಡ್ ಪರವಾಗಿ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ. ಕನೆಕ್ಷನ್ ತೆರೆಯುವುದು, ಎನ್‌ಕ್ರಿಪ್ಷನ್ ಹೊಂದಿಸುವುದು, ಲಾಗಿನ್ ಆಗುವುದು, ಕ್ವೆರಿ ಕಳಿಸುವುದು, ಬಂದ ಬೈಟ್‌ಗಳನ್ನು ತಾರೀಖು, ಸಂಖ್ಯೆ, ಅಕ್ಷರವಾಗಿ ಮಾಡಿ ಕೊಡುವುದು ಎಲ್ಲ ಅದರ ಕೆಲಸ. ಅಪ್‌ಗ್ರೇಡ್‌ನಲ್ಲಿ ಬದಲಾದದ್ದು ಒಂದು ಕಡೆ ಮಾತ್ರ, ಇನ್ನೊಂದು ಕಡೆ ವರ್ಷಗಟ್ಟಲೆ ಹಳೆಯ ಜಾರ್ ಫೈಲ್ (ಜಾವಾ ಲೈಬ್ರರಿ ಇರುವ ಫೈಲ್) ಹಾಗೇ ಕೂತಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತುಕತೆ ಯಾವ ಹಂತದಲ್ಲಿ ನಿಂತಿತು? ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಎರರ್ ಪೂರ್ತಿ ಓದಿ, ಎರಡೂ ಕಡೆಯದ್ದು

ಅಪ್ಲಿಕೇಶನ್ ಲಾಗ್‌ನಲ್ಲಿ ಮೊದಲು ಕಾಣುವ ಸಾಲು ಸಾಮಾನ್ಯವಾಗಿ ಡ್ರೈವರ್ ಹೇಳಿದ್ದಲ್ಲ. ಕನೆಕ್ಷನ್ ಪೂಲ್ (ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಹಂಚುವ ಭಾಗ) ಬಳಸುತ್ತಿದ್ದರೆ 'ಕನೆಕ್ಷನ್ ಸಿಗಲಿಲ್ಲ, ಟೈಮ್‌ಔಟ್ ಆಯಿತು' ಅಂತ ಪೂಲ್ ತನ್ನ ಗೋಳು ಹೇಳಿಕೊಂಡಿರುತ್ತದೆ. ಅದನ್ನು ನಂಬಿ ಟೈಮ್‌ಔಟ್ ಜಾಸ್ತಿ ಮಾಡುತ್ತಾ ಕೂತರೆ ದಿನ ಹೋಗುತ್ತದೆ, ಕೆಲಸ ಆಗುವುದಿಲ್ಲ. ಜಾವಾ ಆದರೆ ಸ್ಟ್ಯಾಕ್ ಟ್ರೇಸ್‌ನ ತೀರಾ ಕೆಳಗಿನ 'ಕಾಸ್ಡ್ ಬೈ' ಸಾಲಿಗೆ ಹೋಗಿ. ಬೇರೆ ಭಾಷೆಯಾದರೆ ಪೂಲ್, ಓಆರ್‌ಎಂ (ನಿಮ್ಮ ಕೋಡ್ ಪರವಾಗಿ ಕ್ವೆರಿ ಬರೆಯುವ ಲೈಬ್ರರಿ) ಎಲ್ಲ ಬಿಟ್ಟು, ಡ್ರೈವರ್ ಒಂದನ್ನೇ ಬಳಸಿ ಕನೆಕ್ಟ್ ಆಗುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಅಪ್ಲಿಕೇಶನ್ ಓಡುವ ಮಷೀನ್‌ನಲ್ಲೇ ಓಡಿಸಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಅಲ್ಲಿರುವ ಡ್ರೈವರ್ ಬೇರೆ, ಇಲ್ಲಿರುವುದು ಬೇರೆ.

ಆಮೇಲೆ ಸರ್ವರ್ ಕಡೆಯ ಲಾಗ್. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಲಾಗಿನ್ ಏಕೆ ಸೋತಿತು ಅನ್ನುವ ನಿಜವಾದ ಕಾರಣವನ್ನು ಸರ್ವರ್ ಬೇಕಂತಲೇ ಕ್ಲೈಂಟ್‌ಗೆ ಹೇಳುವುದಿಲ್ಲ, ಹೊರಗಿನವರಿಗೆ ಸುಳಿವು ಸಿಗಬಾರದು ಅಂತ. ಪೋಸ್ಟ್‌ಗ್ರೆಸ್ ಕ್ಲೈಂಟ್‌ಗೆ ಬರೀ 'ಪಾಸ್‌ವರ್ಡ್ ಆಥೆಂಟಿಕೇಶನ್ ಫೇಲ್ಡ್' ಅಂದು, ತನ್ನ ಲಾಗ್‌ನಲ್ಲಿ 'ಈ ಯೂಸರ್‌ಗೆ ಸರಿಯಾದ ಸ್ಕ್ರ್ಯಾಮ್ ಸೀಕ್ರೆಟ್ ಇಲ್ಲ' ಅಂತ ಬಿಡಿಸಿ ಬರೆದಿರುತ್ತದೆ (ಸ್ಕ್ರ್ಯಾಮ್ ಅಂದರೆ ಅದರ ಹೊಸ ಪಾಸ್‌ವರ್ಡ್ ವಿಧಾನ).

ಎರಡನ್ನೂ ಓದಿದ ಮೇಲೆ ಹಂತ ಗುರುತಿಸಿ. ಪೋರ್ಟ್ ಮುಟ್ಟುವುದಕ್ಕೇ ಆಗುತ್ತಿಲ್ಲ ಅಂದರೆ ಡ್ರೈವರ್ ತಪ್ಪಲ್ಲ, ನೆಟ್‌ವರ್ಕ್ ನೋಡಿ. ಸರ್ಟಿಫಿಕೇಟ್, ಹ್ಯಾಂಡ್‌ಶೇಕ್, ಪ್ರೋಟೋಕಾಲ್ ವರ್ಷನ್ ಅಂತ ಬಂದರೆ ಎನ್‌ಕ್ರಿಪ್ಷನ್ ಹಂತ. ಆಥೆಂಟಿಕೇಶನ್ ಪ್ಲಗಿನ್, ಮೆಥಡ್ ಅಂತ ಬಂದರೆ ಲಾಗಿನ್ ಹಂತ. ಲಾಗಿನ್ ಆದ ಕೂಡಲೇ 'ಇಂಥ ವೇರಿಯಬಲ್ ಗೊತ್ತಿಲ್ಲ', 'ಇಂಥ ಕಾಲಂ ಇಲ್ಲ' ಅಂತ ಬಂದು, ಆ ಹೆಸರು ನಿಮ್ಮ ಕೋಡ್‌ನಲ್ಲಿ ಎಲ್ಲೂ ಇಲ್ಲವಾದರೆ, ಅದನ್ನು ಕೇಳಿದ್ದು ಡ್ರೈವರ್ ಅಥವಾ ಓಆರ್‌ಎಂ. ಇದನ್ನು ಚೆನ್ನಾಗಿ ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ನಿಜವಾಗಿ ಲೋಡ್ ಆಗಿರುವ ಡ್ರೈವರ್ ಯಾವುದು?

'ನಾವು ಹೊಸ ಡ್ರೈವರ್ ಹಾಕಿದ್ದೀವಲ್ಲ' ಅನ್ನುವ ಮಾತನ್ನು ಪರೀಕ್ಷೆ ಮಾಡದೆ ಒಪ್ಪಬೇಡಿ. ಬಿಲ್ಡ್ ಫೈಲ್‌ನಲ್ಲಿ ಬರೆದ ವರ್ಷನ್ ಬೇರೆ, ಓಡುವ ಹೊತ್ತಲ್ಲಿ ಮೆಮೊರಿಗೆ ಬಂದದ್ದು ಬೇರೆ ಆಗಿರುವುದು ತೀರಾ ಸಾಮಾನ್ಯ. ಜಾವಾ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನ ಲಿಬ್ ಫೋಲ್ಡರ್‌ನಲ್ಲಿ ಹಳೇ ಜಾರ್ ಒಂದು, ಅಪ್ಲಿಕೇಶನ್ ಒಳಗೆ ಹೊಸ ಜಾರ್ ಇನ್ನೊಂದು ಇರುತ್ತದೆ. ಪೂಲ್ ಅನ್ನು ಟಾಮ್‌ಕ್ಯಾಟೇ ಕಟ್ಟಿಕೊಡುವ ಹಾಗೆ ಇಟ್ಟಿದ್ದರೆ ಅದು ಎತ್ತಿಕೊಳ್ಳುವುದು ತನ್ನ ಲಿಬ್‌ನಲ್ಲಿರುವ ಹಳೆಯದನ್ನೇ.

ಜಾವಾದಲ್ಲಿ ಕನೆಕ್ಷನ್‌ನ ಮೆಟಾಡೇಟಾ ಕೇಳಿದರೆ ಡ್ರೈವರ್ ಹೆಸರು, ವರ್ಷನ್ ಎರಡೂ ಸಿಗುತ್ತವೆ, ಒಂದು ಸಾಲು ಲಾಗ್ ಮಾಡಿಬಿಡಿ. ಬಿಲ್ಡ್‌ಗೆ ಮೇವನ್ ಬಳಸುತ್ತಿದ್ದರೆ ಡಿಪೆಂಡೆನ್ಸಿ ಟ್ರೀ (ಸೇರಿಕೊಂಡ ಲೈಬ್ರರಿಗಳ ಪಟ್ಟಿ) ತೆಗೆದು ಒಂದೇ ಡ್ರೈವರ್ ಎರಡು ಹೆಸರಲ್ಲಿ ಬಂದಿದೆಯಾ ನೋಡಿ. ಮೈಎಸ್‌ಕ್ಯೂಎಲ್‌ನ ಜಾವಾ ಕನೆಕ್ಟರ್ 8.0.31ರಿಂದ ತನ್ನ ಮೇವನ್ ಹೆಸರನ್ನೇ ಬದಲಿಸಿಕೊಂಡಿದೆ, ಮೊದಲು 'ಮೈಎಸ್‌ಕ್ಯೂಎಲ್-ಕನೆಕ್ಟರ್-ಜಾವಾ' ಇದ್ದದ್ದು ಈಗ 'ಮೈಎಸ್‌ಕ್ಯೂಎಲ್-ಕನೆಕ್ಟರ್-ಜೆ'. ಹೆಸರು ಬೇರೆಯಾದ್ದರಿಂದ ಇವೆರಡೂ ಒಂದೇ ಲೈಬ್ರರಿ ಅಂತ ಮೇವನ್‌ಗೆ ತಿಳಿಯುವುದಿಲ್ಲ, ಎರಡನ್ನೂ ಸೇರಿಸಿಬಿಡುತ್ತದೆ.

ಪೈಥಾನ್‌ನಲ್ಲಿ ಇನ್ನೊಂದು ತಿರುವು. ಪೋಸ್ಟ್‌ಗ್ರೆಸ್‌ನ ಡ್ರೈವರ್ ಸೈಕಾಪಿಜಿ2 ತಾನೇ ಸರ್ವರ್ ಜೊತೆ ಮಾತಾಡುವುದಿಲ್ಲ, ಒಳಗೆ ಲಿಬ್‌ಪಿಕ್ಯೂ ಅನ್ನುವ ಸಿ ಲೈಬ್ರರಿ ಮಾತಾಡುತ್ತದೆ. ಬೈನರಿ ಪ್ಯಾಕೇಜ್ ಹಾಕಿದ್ದರೆ ಅದು ತನ್ನದೇ ಲಿಬ್‌ಪಿಕ್ಯೂವನ್ನು ಹೊತ್ತು ತಂದಿರುತ್ತದೆ. ಹಾಗಾಗಿ ಸಿಸ್ಟಂನಲ್ಲಿರುವ ಲಿಬ್‌ಪಿಕ್ಯೂವನ್ನು ಎಷ್ಟು ಹೊಸದು ಮಾಡಿದರೂ ಬೈನರಿ ಪ್ಯಾಕೇಜ್‌ಗೆ ಅದರ ಗಾಳಿಯೂ ತಾಗುವುದಿಲ್ಲ. ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದರೆ ಇದರ ಉಲ್ಟಾ.

ಸರ್ವರ್ ಕಡೆಯಿಂದಲೂ ಯಾವ ಡ್ರೈವರ್ ಬಂದಿದೆ ಅಂತ ಕೇಳಬಹುದು, ಅಪ್‌ಗ್ರೇಡ್‌ಗೆ ಮುಂಚೆ ಮಾಡಿಟ್ಟುಕೊಂಡರೆ ಚಿನ್ನದಂಥ ಮಾಹಿತಿ. ಮೈಎಸ್‌ಕ್ಯೂಎಲ್‌ನ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ ಸೆಷನ್ ಕನೆಕ್ಟ್ ಆಟ್ರ್ಸ್ ಅನ್ನುವ ಟೇಬಲ್ ಇದೆ. ಪ್ರತಿ ಕನೆಕ್ಷನ್‌ಗೂ ಕ್ಲೈಂಟ್ ಹೆಸರು, ವರ್ಷನ್ ಅಲ್ಲಿ ಕೂತಿರುತ್ತದೆ, ಡ್ರೈವರ್ ಕಳಿಸಿದ್ದರೆ. ಒರಾಕಲ್‌ನಲ್ಲಿ ವಿ-ಡಾಲರ್-ಸೆಷನ್-ಕನೆಕ್ಟ್-ಇನ್ಫೋ ವ್ಯೂ ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೈನಾಮಿಕ್ ಮ್ಯಾನೇಜ್‌ಮೆಂಟ್ ವ್ಯೂಗಳ ಪೈಕಿ ಎಕ್ಸೆಕ್ ಸೆಷನ್ಸ್ ನೋಡಿ. 'ನಮ್ಮಲ್ಲಿ ಇಷ್ಟೇ ಅಪ್ಲಿಕೇಶನ್ ಇರೋದು' ಅಂದುಕೊಂಡವರಿಗೆ ಈ ಪಟ್ಟಿಯಲ್ಲಿ ಯಾರಿಗೂ ನೆನಪಿಲ್ಲದ ರಿಪೋರ್ಟ್ ಟೂಲ್ ಒಂದಾದರೂ ಸಿಗುತ್ತದೆ.

ಮೈಎಸ್‌ಕ್ಯೂಎಲ್: ತೊಂದರೆಯ ದೊಡ್ಡ ಪಾಲು ಇಲ್ಲೇ

2018ರಲ್ಲಿ ಬಂದ 8.0, ಲಾಗಿನ್‌ನ ಡೀಫಾಲ್ಟ್ ವಿಧಾನವನ್ನು ಬದಲಾಯಿಸಿತು. ಮೊದಲು ನೇಟಿವ್ ಪಾಸ್‌ವರ್ಡ್ ಪ್ಲಗಿನ್, ಈಗ ಕ್ಯಾಶಿಂಗ್ ಶಾ2 ಪಾಸ್‌ವರ್ಡ್. ಹಳೇ ಡ್ರೈವರ್‌ಗೆ ಎರಡನೆಯದು ಗೊತ್ತೇ ಇಲ್ಲ. ಆಗ ಬರುವ ಎರರ್ 'ಆಥೆಂಟಿಕೇಶನ್ ಪ್ಲಗಿನ್ ಕೆನಾಟ್ ಬಿ ಲೋಡೆಡ್' ಅಥವಾ 'ಕ್ಲೈಂಟ್ ಡಸ್ ನಾಟ್ ಸಪೋರ್ಟ್ ಆಥೆಂಟಿಕೇಶನ್ ಪ್ರೋಟೋಕಾಲ್'. ನೋಡ್.ಜೆಎಸ್‌ನಲ್ಲಿ ಹಳೆಯ 'ಮೈಎಸ್‌ಕ್ಯೂಎಲ್' ಪ್ಯಾಕೇಜ್‌ನಲ್ಲಿ ಇದರ ಬೆಂಬಲವೇ ಇಲ್ಲ, 'ಮೈಎಸ್‌ಕ್ಯೂಎಲ್2' ಪ್ಯಾಕೇಜ್‌ಗೆ ಹೋಗಬೇಕು. ಪಿಎಚ್‌ಪಿ ಆದರೆ 7.4 ಅಥವಾ ಅದಕ್ಕಿಂತ ಹೊಸದು ಬೇಕು.

ಇಲ್ಲಿ ಜನ ಎಡವುವ ಜಾಗ ಒಂದಿದೆ. 5.7ರಿಂದ 8.0ಗೆ ಅಲ್ಲೇ ಅಪ್‌ಗ್ರೇಡ್ ಮಾಡಿದರೆ ಹಳೇ ಯೂಸರ್‌ಗಳ ಪ್ಲಗಿನ್ ಬದಲಾಗುವುದಿಲ್ಲ, ಎಲ್ಲ ಮೊದಲಿನಂತೆ ಓಡುತ್ತದೆ. ಆಮೇಲೆ ಯಾವಾಗಲೋ ಯಾರೋ ಹೊಸ ಯೂಸರ್ ಮಾಡುತ್ತಾರೆ, ಅದಕ್ಕೆ ಹೊಸ ಪ್ಲಗಿನ್ ಬೀಳುತ್ತದೆ, ಆ ಒಂದು ಯೂಸರ್ ಮಾತ್ರ ಹಳೇ ಅಪ್ಲಿಕೇಶನ್‌ನಿಂದ ಲಾಗಿನ್ ಆಗುವುದಿಲ್ಲ. ಅಷ್ಟು ಹೊತ್ತಿಗೆ ಅಪ್‌ಗ್ರೇಡ್ ಆದದ್ದೇ ಎಲ್ಲರಿಗೂ ಮರೆತುಹೋಗಿರುತ್ತದೆ. 'ಮೈಎಸ್‌ಕ್ಯೂಎಲ್' ಅನ್ನುವ ಹೆಸರಿನ ಸಿಸ್ಟಂ ಡೇಟಾಬೇಸ್‌ನ ಯೂಸರ್ ಟೇಬಲ್‌ನಲ್ಲಿ ಪ್ಲಗಿನ್ ಕಾಲಂ ನೋಡಿ, ಯಾರದ್ದು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.

ಇದಕ್ಕಿಂತ ತಲೆ ತಿನ್ನುವುದು 'ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೌಡ್' ಅನ್ನುವ ಜಾವಾ ಎರರ್, ಯಾಕೆಂದರೆ ಅದು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಕಾರಣ ಆ ಪ್ಲಗಿನ್‌ನ ಹೆಸರಲ್ಲೇ ಇರುವ ಕ್ಯಾಶ್. ಯೂಸರ್ ಮೊದಲ ಸಲ ಲಾಗಿನ್ ಆಗುವಾಗ ಪೂರ್ತಿ ಪರೀಕ್ಷೆ ನಡೆಯುತ್ತದೆ, ಅದಕ್ಕೆ ಟಿಎಲ್‌ಎಸ್ (ಎನ್‌ಕ್ರಿಪ್ಟ್ ಆದ) ಕನೆಕ್ಷನ್ ಬೇಕು, ಇಲ್ಲವೇ ಸರ್ವರ್‌ನ ಆರ್‌ಎಸ್‌ಎ ಕೀ ಬೇಕು. ಒಮ್ಮೆ ಪಾಸಾದರೆ ಸರ್ವರ್ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಟಿಎಲ್‌ಎಸ್ ಇಲ್ಲದೆಯೂ ಚಿಕ್ಕ ಪರೀಕ್ಷೆಯಲ್ಲಿ ಮುಗಿಯುತ್ತದೆ. ಸರ್ವರ್ ರೀಸ್ಟಾರ್ಟ್ ಆದರೆ ಅಥವಾ ಯಾರಾದರೂ ಫ್ಲಶ್ ಪ್ರಿವಿಲೆಜಸ್ ಕೊಟ್ಟರೆ ಆ ನೆನಪು ಅಳಿಸಿಹೋಗುತ್ತದೆ. ನಿನ್ನೆ ರಾತ್ರಿವರೆಗೆ ಓಡುತ್ತಿದ್ದದ್ದು ಬೆಳಗ್ಗೆ ನಿಂತಿದೆ, ಯಾರೂ ಏನೂ ಮುಟ್ಟಿಲ್ಲ ಅನ್ನುತ್ತಾರೆ, ಅಲ್ವಾ? ರೀಸ್ಟಾರ್ಟ್ ಆಯಿತಾ ಕೇಳಿ. ಇನ್ನೂ ವಿಚಿತ್ರ ಅಂದರೆ, ಪರೀಕ್ಷೆ ಮಾಡೋಣ ಅಂತ ನೀವು ಅದೇ ಯೂಸರ್‌ನಲ್ಲಿ ಕಮಾಂಡ್ ಲೈನ್‌ನಿಂದ ಟಿಎಲ್‌ಎಸ್ ಮೂಲಕ ಒಳಗೆ ಹೋದರೆ ಕ್ಯಾಶ್ ತುಂಬುತ್ತದೆ, ಅಪ್ಲಿಕೇಶನ್ ತಾನಾಗೇ ಸರಿಹೋಗುತ್ತದೆ. ಅದನ್ನು ನೋಡಿ ಸರಿಯಾಯಿತು ಅಂತ ಟಿಕೆಟ್ ಮುಚ್ಚಬೇಡಿ.

ಸರಿಯಾದ ಪರಿಹಾರ: ಅಪ್ಲಿಕೇಶನ್‌ನಿಂದ ಟಿಎಲ್‌ಎಸ್ ಆನ್ ಮಾಡುವುದು. ಪಬ್ಲಿಕ್ ಕೀ ಪಡೆಯಲು ಅನುಮತಿ ಕೊಡುವ ಆಪ್ಷನ್ ಕನೆಕ್ಷನ್ ಸ್ಟ್ರಿಂಗ್‌ಗೆ ಸೇರಿಸಿದರೂ ಓಡುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ನಡುವೆ ಯಾರಾದರೂ ಕೂತು ತಮ್ಮದೇ ಕೀ ಕೊಟ್ಟರೆ ಡ್ರೈವರ್ ಅದನ್ನೂ ನಂಬುತ್ತದೆ. ನಂಬಿಕಸ್ತ ನೆಟ್‌ವರ್ಕ್ ಒಳಗಾದರೆ ಸರಿ, ಇಲ್ಲವಾದರೆ ಬೇಡ.

ಯೂಸರ್ ಅನ್ನೇ ಹಳೇ ಪ್ಲಗಿನ್‌ಗೆ ತಿರುಗಿಸುವ ಆಲ್ಟರ್ ಯೂಸರ್ ಉಪಾಯ ಇನ್ನು ಜಾಸ್ತಿ ದಿನ ನಡೆಯುವುದಿಲ್ಲ. 2024ರ 8.4ರಲ್ಲಿ ನೇಟಿವ್ ಪಾಸ್‌ವರ್ಡ್ ಪ್ಲಗಿನ್ ಡೀಫಾಲ್ಟ್ ಆಗಿ ಆಫ್ ಇದೆ, ಕಾನ್ಫಿಗ್‌ನಲ್ಲಿ ಆನ್ ಮಾಡಬೇಕು. ಅದೇ ವರ್ಷದ 9.0ರ ಸರ್ವರ್‌ನಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. 8.4ಗೆ ಹೋದಾಗ ಹಳೇ ಯೂಸರ್‌ಗಳೂ ನಿಂತುಹೋಗುವುದು ಇದಕ್ಕೇ.

ಲಾಗಿನ್ ದಾಟಿದ ಮೇಲೆ ಬರುವ ಇನ್ನೆರಡು: 'ಅನ್‌ನೋನ್ ಸಿಸ್ಟಂ ವೇರಿಯಬಲ್ ಕ್ವೆರಿ ಕ್ಯಾಶ್ ಸೈಜ್', ಇಲ್ಲವೇ ಅದೇ ಎರರ್ 'ಟಿಎಕ್ಸ್ ಐಸೊಲೇಶನ್' ಹೆಸರಲ್ಲಿ. ಕ್ವೆರಿ ಕ್ಯಾಶ್ 8.0ರಲ್ಲಿ ಹೋಯಿತು, ಟಿಎಕ್ಸ್ ಐಸೊಲೇಶನ್ ಹೆಸರು ಟ್ರಾನ್ಸ್ಯಾಕ್ಷನ್ ಐಸೊಲೇಶನ್ ಆಯಿತು. ಹಳೇ 5.1 ಸಾಲಿನ ಜಾವಾ ಕನೆಕ್ಟರ್ ಕನೆಕ್ಟ್ ಆದ ತಕ್ಷಣ ಇವನ್ನು ಕೇಳುತ್ತದೆ. ಸರ್ವರ್ ಕಡೆ ಇದಕ್ಕೆ ಮದ್ದಿಲ್ಲ, ಕನೆಕ್ಟರ್ ಬದಲಾಯಿಸಿ. ಬದಲಾಯಿಸುವಾಗ ಕ್ಲಾಸ್ ಹೆಸರಿನಲ್ಲಿ 'ಸಿಜೆ' ಸೇರುತ್ತದೆ, ಸೊನ್ನೆ ತಾರೀಖಿನ ಆಪ್ಷನ್‌ನ ಬೆಲೆ ದೊಡ್ಡಕ್ಷರಕ್ಕೆ ಹೋಗಿ ನಡುವೆ ಅಂಡರ್‌ಸ್ಕೋರ್ ಬರುತ್ತದೆ, ಮತ್ತು 8ರ ಆರಂಭದ ಕನೆಕ್ಟರ್‌ಗಳು ಸರ್ವರ್‌ನ ಮೂರಕ್ಷರದ ಟೈಮ್‌ಝೋನ್ ಹೆಸರು ಅರ್ಥವಾಗಲಿಲ್ಲ ಅಂತ ತಕರಾರು ತೆಗೆಯುತ್ತವೆ, ಅಲ್ಲಿ ಟೈಮ್‌ಝೋನ್ ಪೂರ್ತಿ ಹೆಸರಲ್ಲಿ ಕೊಡಬೇಕು.

ಪಿಎಚ್‌ಪಿಯಲ್ಲಿ 'ಸರ್ವರ್ ಕಳಿಸಿದ ಕ್ಯಾರೆಕ್ಟರ್ ಸೆಟ್ 255 ಗೊತ್ತಿಲ್ಲ' ಅಂತ ಬಂದರೆ ಅದು 8.0ರ ಹೊಸ ಡೀಫಾಲ್ಟ್ ಕೊಲೇಶನ್‌ನ (ಅಕ್ಷರ ಹೋಲಿಸಿ ಜೋಡಿಸುವ ನಿಯಮದ) ನಂಬರ್. ಇದಕ್ಕೂ ಅದೇ ಮದ್ದು, ಹೊಸ ಪಿಎಚ್‌ಪಿ.

ಪೋಸ್ಟ್‌ಗ್ರೆಸ್

ಇಲ್ಲಿ ಕಥೆ ಹಳೇ ಪಾಸ್‌ವರ್ಡ್ ವಿಧಾನ ಎಂಡಿ5ನಿಂದ ಹೊಸದಾದ ಸ್ಕ್ರ್ಯಾಮ್‌ಗೆ ಹೋದದ್ದು. ಸ್ಕ್ರ್ಯಾಮ್-ಶಾ-256 ಬಂದದ್ದು 2017ರ ವರ್ಷನ್ 10ರಲ್ಲಿ, ಡೀಫಾಲ್ಟ್ ಆದದ್ದು 2021ರ 14ರಲ್ಲಿ. ಹಳೇ ಜೆಡಿಬಿಸಿ (ಜಾವಾದ) ಡ್ರೈವರ್ 'ಆಥೆಂಟಿಕೇಶನ್ ಟೈಪ್ 10 ಈಸ್ ನಾಟ್ ಸಪೋರ್ಟೆಡ್' ಅನ್ನುತ್ತದೆ. ಈ 10 ಪೋಸ್ಟ್‌ಗ್ರೆಸ್ ವರ್ಷನ್ ಅಲ್ಲ, ಲಾಗಿನ್ ವಿಧಾನದ ಒಳ ಸಂಖ್ಯೆ, ಸುಮ್ನೆ ದಾರಿ ತಪ್ಪಿಸುತ್ತದೆ. ಜೆಡಿಬಿಸಿ 42.2.0 ಅಥವಾ ಮೇಲಿನದು ಹಾಕಿ. ಲಿಬ್‌ಪಿಕ್ಯೂ ಬಳಸುವ ಭಾಷೆಗಳಲ್ಲಿ ಎರರ್ ತಾನೇ 'ಲಿಬ್‌ಪಿಕ್ಯೂ 10 ಅಥವಾ ಮೇಲಿನದು ಬೇಕು' ಅಂತ ಹೇಳುತ್ತದೆ, ಅಷ್ಟು ಸೌಜನ್ಯ ಇದೆ.

ಗೊಂದಲ ಆಗುವುದು ಯಾರು ಯಾವ ವಿಧಾನದಲ್ಲಿ ಲಾಗಿನ್ ಆಗಬೇಕು ಅಂತ ಬರೆದಿಡುವ ಎಚ್‌ಬಿಎ ಫೈಲ್‌ನಲ್ಲಿ. ಅಲ್ಲಿ ಎಂಡಿ5 ಅಂತ ಬರೆದಿದ್ದು, ಯೂಸರ್‌ನ ಪಾಸ್‌ವರ್ಡ್ ಸ್ಕ್ರ್ಯಾಮ್ ರೂಪದಲ್ಲಿ ಉಳಿದಿದ್ದರೆ, ಸರ್ವರ್ ತಾನಾಗೇ ಸ್ಕ್ರ್ಯಾಮ್ ಬಳಸುತ್ತದೆ. ಅಂದರೆ ಫೈಲ್‌ನಲ್ಲಿ ಎಂಡಿ5 ಇದೆ ಅಂದ ಮಾತ್ರಕ್ಕೆ ಹಳೇ ಡ್ರೈವರ್ ಓಡುವುದಿಲ್ಲ. ಉಲ್ಟಾ ಪರಿಸ್ಥಿತಿ ಇನ್ನೂ ಕೆಟ್ಟದ್ದು: ಪಿಜಿ ಅಪ್‌ಗ್ರೇಡ್ ಅನ್ನುವ ಟೂಲ್ ಹಳೇ ಪಾಸ್‌ವರ್ಡ್‌ಗಳನ್ನು ಎಂಡಿ5 ರೂಪದಲ್ಲೇ ಹೊತ್ತು ತರುತ್ತದೆ, ಆದರೆ ಕಾನ್ಫಿಗ್ ಫೈಲ್‌ಗಳನ್ನು ತರುವುದಿಲ್ಲ. ಹೊಸ ಕ್ಲಸ್ಟರ್‌ನ (ಅಂದರೆ ಹೊಸ ವರ್ಷನ್‌ನ ಸರ್ವರ್‌ನ) ಎಚ್‌ಬಿಎ ಫೈಲ್‌ನಲ್ಲಿ ಸ್ಕ್ರ್ಯಾಮ್ ಅಂತ ಇದ್ದರೆ, ಹೊಚ್ಚ ಹೊಸ ಡ್ರೈವರ್ ಹಾಕಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಆಗುವುದಿಲ್ಲ. ಪಿಜಿ ಆಥ್ ಐಡಿ ಟೇಬಲ್‌ನಲ್ಲಿ ಪಾಸ್‌ವರ್ಡ್ ಕಾಲಂ ಯಾವ ಅಕ್ಷರಗಳಿಂದ ಶುರುವಾಗುತ್ತದೆ ನೋಡಿ, ಎಂಡಿ5 ಅಂತಿದ್ದರೆ ಅದೇ ಪಾಸ್‌ವರ್ಡ್ ಮತ್ತೊಮ್ಮೆ ಕೊಟ್ಟರೆ ಸಾಕು, ಹೊಸ ರೂಪದಲ್ಲಿ ಉಳಿಯುತ್ತದೆ. ಆದರೆ ಆ ಯೂಸರ್ ಬಳಸುವ ಎಲ್ಲ ಅಪ್ಲಿಕೇಶನ್‌ಗಳ ಡ್ರೈವರ್ ನೋಡಿದ ಮೇಲೆ ಮಾತ್ರ ಈ ಕೆಲಸ ಮಾಡಿ. ನಡುವೆ ಪಿಜಿಬೌನ್ಸರ್ ಅನ್ನುವ ಪೂಲ್ ಇದ್ದರೆ ಅದನ್ನೂ ಒಂದು ಡ್ರೈವರ್ ಅಂತಲೇ ಲೆಕ್ಕ ಹಾಕಿ, ಅದರ ವರ್ಷನ್, ಅದರ ಯೂಸರ್ ಪಟ್ಟಿ ಎರಡೂ ಹೊಂದಬೇಕು.

ಡೆಬಿಯನ್, ಉಬುಂಟುಗಳಲ್ಲಿ ಇನ್ನೊಂದು ಸಣ್ಣ ವಿಷಯ: ಹಳೇ ಕ್ಲಸ್ಟರ್ 5432 ಪೋರ್ಟ್‌ನಲ್ಲಿ ಇದ್ದಾಗ ಹೊಸದನ್ನು ಹಾಕಿದರೆ ಅದು 5433ರಲ್ಲಿ ಕೂರುತ್ತದೆ. ನೀವು ಪರೀಕ್ಷೆ ಮಾಡುತ್ತಿರುವುದು ಯಾವ ಕ್ಲಸ್ಟರ್ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಕನೆಕ್ಟ್ ಆದ ಮೇಲೆ 'ಕಾಲಂ ಎಡಿಎಸ್‌ಆರ್‌ಸಿ ಡಸ್ ನಾಟ್ ಎಕ್ಸಿಸ್ಟ್' ಬಂದರೆ ಅದು ಹಳೇ ಓಆರ್‌ಎಂ ಅಥವಾ ಅಡ್ಮಿನ್ ಟೂಲ್‌ನ ಕೆಲಸ. ಸಿಸ್ಟಂ ಟೇಬಲ್‌ನ ಆ ಕಾಲಂ ವರ್ಷನ್ 12ರಲ್ಲಿ ಹೋಯಿತು. 'ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್' ಮಾತ್ರ ಡ್ರೈವರ್ ತಪ್ಪಲ್ಲ. 15ರಿಂದ ಹೊಸ ಡೇಟಾಬೇಸ್‌ಗಳಲ್ಲಿ ಪಬ್ಲಿಕ್ ಸ್ಕೀಮಾದಲ್ಲಿ ಎಲ್ಲರೂ ಟೇಬಲ್ ಮಾಡುವ ಹಕ್ಕು ಇಲ್ಲ, ಬೇಕಾದವರಿಗೆ ಕೊಡಬೇಕು.

ಎಸ್‌ಕ್ಯೂಎಲ್ ಸರ್ವರ್: ಹೊಸ ಡ್ರೈವರ್ರೇ ತೊಂದರೆ ಕೊಟ್ಟಾಗ

ಇಲ್ಲಿ ಜಾಸ್ತಿ ಕಾಣುವುದು ಉಲ್ಟಾ ಸಮಸ್ಯೆ. ಡೇಟಾಬೇಸ್ ಜೊತೆಗೆ ಡ್ರೈವರ್ ಕೂಡ ಹೊಸದು ಮಾಡಿದ ಮೇಲೆ ಸರ್ಟಿಫಿಕೇಟ್ ಎರರ್. ಓಡಿಬಿಸಿ (ಬೇರೆ ಬೇರೆ ಭಾಷೆಗಳಿಂದ ಬಳಸಬಹುದಾದ) ಡ್ರೈವರ್ 18, ಜೆಡಿಬಿಸಿ 10.2, ಡಾಟ್‌ನೆಟ್‌ನ ಎಸ್‌ಕ್ಯೂಎಲ್ ಕ್ಲೈಂಟ್ 4.0, ಈ ಮೂರರಿಂದ ಮುಂದೆ ಎನ್‌ಕ್ರಿಪ್ಷನ್ ಡೀಫಾಲ್ಟ್ ಆಗಿ ಆನ್. ಸರ್ವರ್‌ನಲ್ಲಿ ಇರುವುದು ಅದು ತಾನೇ ಮಾಡಿಕೊಂಡ ಸರ್ಟಿಫಿಕೇಟ್ ಆದರೆ ಡ್ರೈವರ್ ನಂಬುವುದಿಲ್ಲ. ಜಾವಾದಲ್ಲಿ ಇದೇ 'ಪಿಕಿಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್'. ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಆಪ್ಷನ್ ಹಾಕಿದರೆ ಎರರ್ ಹೋಗುತ್ತದೆ, ಟೆಸ್ಟ್ ಮಷೀನ್‌ಗೆ ಅಷ್ಟು ಸಾಕು. ಪ್ರೊಡಕ್ಷನ್‌ನಲ್ಲಿ ಸರ್ವರ್‌ಗೆ ಸರಿಯಾದ ಸರ್ಟಿಫಿಕೇಟ್ ಹಾಕಿಸಿ, ಅದರಲ್ಲಿರುವ ಹೆಸರು ಮತ್ತು ಕನೆಕ್ಷನ್ ಸ್ಟ್ರಿಂಗ್‌ನ ಹೆಸರು ಒಂದೇ ಇರಲಿ.

ಓಡಿಬಿಸಿಯಲ್ಲಿ ಡ್ರೈವರ್ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಸ್ಟ್ರಿಂಗ್‌ನಲ್ಲಿ 17 ಅಂತ ಬರೆದು ಮಷೀನ್‌ನಲ್ಲಿ 18 ಹಾಕಿದರೆ ಐಎಂ002 ಎರರ್ ಬರುತ್ತದೆ. ಐಎಂ014 ಬಂದರೆ 32 ಬಿಟ್, 64 ಬಿಟ್ ಬೆರಕೆ ಆಗಿದೆ. ವಿಂಡೋಸ್‌ನಲ್ಲಿ 64 ಬಿಟ್‌ನ ಓಡಿಬಿಸಿ ಅಡ್ಮಿನ್ ಟೂಲ್ ಇರುವುದು ಸಿಸ್ಟಂ32 ಫೋಲ್ಡರ್‌ನಲ್ಲಿ, 32 ಬಿಟ್‌ದು ಸಿಸ್‌ವಾವ್64ನಲ್ಲಿ. ಹೌದು, ಸರಿಯಾಗೇ ಓದಿದಿರಿ.

ಒರಾಕಲ್, ಮೊಂಗೋ: ಎರಡೇ ಮಾತು

ಒರಾಕಲ್‌ನಲ್ಲಿ ಓಆರ್‌ಎ-28040 ಅಂದರೆ ಸರ್ವರ್ ಒಪ್ಪುವ ಲಾಗಿನ್ ಪ್ರೋಟೋಕಾಲ್ ಕ್ಲೈಂಟ್‌ಗೆ ಬರುವುದಿಲ್ಲ ಅಂತ. ಹೊಸ ಓಜೆಡಿಬಿಸಿ ಜಾರ್ (ಒರಾಕಲ್‌ನ ಜಾವಾ ಡ್ರೈವರ್) ಅಥವಾ ಹೊಸ ಕ್ಲೈಂಟ್ ಹಾಕುವುದು ಸರಿಯಾದ ದಾರಿ. ಆಗದಿದ್ದರೆ ಎಸ್‌ಕ್ಯೂಎಲ್‌ನೆಟ್ ಫೈಲ್‌ನಲ್ಲಿ ಸರ್ವರ್ ಒಪ್ಪುವ ಕನಿಷ್ಠ ಲಾಗಿನ್ ವರ್ಷನ್ ಇಳಿಸಬಹುದು, ಕೆಲವು ದಿನದ ಮಟ್ಟಿಗೆ. ಪಾಸ್‌ವರ್ಡ್ ಸರಿ ಇದ್ದೂ ಓಆರ್‌ಎ-01017 ಬಂದರೆ ಡಿಬಿಎ ಯೂಸರ್ಸ್ ವ್ಯೂನಲ್ಲಿ ಪಾಸ್‌ವರ್ಡ್ ವರ್ಷನ್ಸ್ ಕಾಲಂ ನೋಡಿ. ಬರೀ 10ಜಿ (ಹಳೇ ಪಾಸ್‌ವರ್ಡ್ ರೂಪ) ಅಂತಿದ್ದರೆ ಪಾಸ್‌ವರ್ಡ್ ಮತ್ತೆ ಇಡಬೇಕು.

ಮೊಂಗೋಡಿಬಿ 5.1ರಿಂದ ಹಳೇ ಓಪಿ ಕ್ವೆರಿ ರೀತಿಯ ಸಂದೇಶಗಳನ್ನು ಒಪ್ಪುವುದಿಲ್ಲ, ಎರರ್‌ನಲ್ಲೇ 'ಡ್ರೈವರ್ ಅಪ್‌ಗ್ರೇಡ್ ಬೇಕಾಗಬಹುದು' ಅಂತ ಬರುತ್ತದೆ. ತೀರಾ ಹೊಸ ಡ್ರೈವರ್ ಹಳೇ ಸರ್ವರ್‌ಗೆ ಹೋದರೆ 'ವೈರ್ ವರ್ಷನ್' (ಮಾತುಕತೆಯ ಪ್ರೋಟೋಕಾಲ್‌ನ ವರ್ಷನ್) ಸಾಲದು ಅಂತ ತಿರಸ್ಕರಿಸುತ್ತದೆ. ಎರಡೂ ಕಡೆ ಮಿತಿ ಇದೆ.

ಯಾವುದನ್ನು ಮೊದಲು ಮಾಡಬೇಕು

ನನ್ನ ಅಭಿಪ್ರಾಯ ಸ್ಪಷ್ಟ: ಡ್ರೈವರ್ ಮೊದಲು, ಡೇಟಾಬೇಸ್ ಆಮೇಲೆ. ಇವತ್ತಿನ ಡೇಟಾಬೇಸ್, ನಾಳೆಯ ಡೇಟಾಬೇಸ್ ಎರಡನ್ನೂ ಬೆಂಬಲಿಸುವ ಡ್ರೈವರ್ ವರ್ಷನ್ ಒಂದು ಸಾಮಾನ್ಯವಾಗಿ ಇರುತ್ತದೆ, ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಅದನ್ನು ಹುಡುಕಿ. ಹಳೇ ಡೇಟಾಬೇಸ್ ಇರುವಾಗಲೇ ಅದನ್ನು ಹಾಕಿ, ಕೆಲವು ದಿನ ಓಡಲಿ. ಆಗ ಏನಾದರೂ ಮುರಿದರೆ ಕಾರಣ ಡ್ರೈವರ್ ಅಂತ ಗೊತ್ತು, ಹಿಂದೆ ಹೋಗುವುದೂ ಸುಲಭ, ಒಂದು ಫೈಲ್ ಬದಲಾಯಿಸಿದರೆ ಆಯಿತು. ಡೇಟಾಬೇಸ್ ಅಪ್‌ಗ್ರೇಡ್ ಹಿಂದೆ ತಿರುಗಿಸುವುದು ಹಾಗಲ್ಲ. ಮೈಎಸ್‌ಕ್ಯೂಎಲ್ 8.0ರಿಂದ 5.7ಗೆ ನೇರವಾಗಿ ಇಳಿಯುವ ದಾರಿಯೇ ಇಲ್ಲ, ಬ್ಯಾಕಪ್‌ನಿಂದ ಕಟ್ಟಬೇಕು.

ಅಪ್‌ಗ್ರೇಡ್ ಆಗಿಹೋಗಿದೆ, ಈಗ ಬೆಂಕಿ ಬಿದ್ದಿದೆ ಅಂದರೆ ಸರ್ವರ್ ಕಡೆ ತಾತ್ಕಾಲಿಕವಾಗಿ ಸಡಿಲ ಮಾಡಿ ಸೇವೆ ಎಬ್ಬಿಸುವುದರಲ್ಲಿ ತಪ್ಪಿಲ್ಲ. ಆದರೆ ಇಡೀ ಸರ್ವರ್‌ಗಲ್ಲ, ತೊಂದರೆ ಇರುವ ಆ ಒಂದು ಯೂಸರ್‌ಗೆ ಮಾತ್ರ ಮಾಡುವುದು ಸಾಧ್ಯವಿದ್ದರೆ ಹಾಗೇ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಟಿಎಲ್‌ಎಸ್, ಪ್ಲಗಿನ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಓಡಿತು ಅಂದರೆ ಯಾವುದರಿಂದ ಓಡಿತು ಅಂತ ಯಾರಿಗೂ ತಿಳಿಯುವುದಿಲ್ಲ, ಆಮೇಲೆ ಯಾವುದನ್ನೂ ತೆಗೆಯಲು ಧೈರ್ಯ ಬರುವುದಿಲ್ಲ.

ಕನೆಕ್ಟ್ ಆಯಿತು ಅಂದಕೂಡಲೇ ಮುಗಿಯಲಿಲ್ಲ. ಕನ್ನಡ ಅಕ್ಷರ ಮತ್ತು ಎಮೋಜಿ ಇರುವ ಒಂದು ಸಾಲು ಬರೆದು ವಾಪಸ್ ಓದಿ. ತಾರೀಖು-ಸಮಯ ಬರೆದು ಓದಿ, ಗಂಟೆ ಆಚೀಚೆ ಆಗಿದೆಯಾ ನೋಡಿ. ದಶಮಾಂಶ ಸಂಖ್ಯೆ, ಬೈನರಿ ಫೈಲ್, ಖಾಲಿ ಬೆಲೆ, ಒಂದು ಸ್ಟೋರ್ಡ್ ಪ್ರೊಸೀಜರ್, ಒಂದು ರೋಲ್‌ಬ್ಯಾಕ್. ಓಆರ್‌ಎಂನ ಡಯಲೆಕ್ಟ್ ಸೆಟ್ಟಿಂಗ್ ಹೊಸ ವರ್ಷನ್‌ಗೆ ಹೊಂದುತ್ತದೆಯಾ ನೋಡಿ. ಮೈಎಸ್‌ಕ್ಯೂಎಲ್ 8.0ರಲ್ಲಿ 'ರ್‍ಯಾಂಕ್', 'ಗ್ರೂಪ್ಸ್' ಥರದ ಪದಗಳು ಮೀಸಲಾಗಿವೆ, ಆ ಹೆಸರಿನ ಕಾಲಂ ಇದ್ದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಅದಕ್ಕೆ ಡ್ರೈವರ್ ಬೈದು ಪ್ರಯೋಜನವಿಲ್ಲ.

ತಾತ್ಕಾಲಿಕವಾಗಿ ಸಡಿಲ ಮಾಡಿದ್ದಕ್ಕೆ ಆ ದಿನವೇ ಟಿಕೆಟ್ ತೆರೆದು, ಯಾವ ಯೂಸರ್, ಯಾವ ಅಪ್ಲಿಕೇಶನ್, ಯಾವ ಡ್ರೈವರ್ ಕಾರಣಕ್ಕೆ ಅಂತ ಬರೆದಿಡಿ. ಆ ಡ್ರೈವರ್ ಬದಲಾದ ಮೇಲೆ ಪ್ಲಗಿನ್ ಕಾಲಂ ಅಥವಾ ಪಾಸ್‌ವರ್ಡ್ ರೂಪ ಮತ್ತೆ ನೋಡಿ, ಹಳೇ ವಿಧಾನದಲ್ಲಿ ಯಾರೂ ಉಳಿದಿಲ್ಲ ಅಂತ ಖಾತ್ರಿಯಾದರೆ ಸೆಟ್ಟಿಂಗ್ ತೆಗೆದು, ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಎಲ್ಲ ಅಪ್ಲಿಕೇಶನ್ ಮತ್ತೆ ಕನೆಕ್ಟ್ ಆಗುತ್ತವಾ ಅಂತ ಪರೀಕ್ಷಿಸಿ.